ಇಟಲಿಯವನಿಗೆ ‘ಫ್ರೆಂಚಿನವ’ ಎಂಬ ಹೆಸರೇಕೆ?

ಕಾವೇರಿತೀರ
ಕಚೇರಿ ಕೆಲಸಕ್ಕಾಗಿ ಟೂರಿನ್ ನಗರದ ಒಂದು ತಂಡದೊಂದಿಗೆ ಆಗಾಗ ಮಾತನಾಡಬೇಕಾಗುತ್ತದೆ. ಆ ತಂಡದಲ್ಲಿ ಮೂವರು ಫ್ರಾನ್ಸೆಸ್ಕೊ! ಬಿಡುವಿನಲ್ಲಿ ಹೆಸರಿನ ಅರ್ಥ ಕೇಳಿದೆ. ಒಬ್ಬ ‘ಸ್ವತಂತ್ರ ಮನುಷ್ಯ’ ಎಂದ. ಎರಡನೆಯವನು ನಕ್ಕು ‘ಅದೆಲ್ಲ ಸುಳ್ಳು, ಫ್ರೆಂಚಿನವ ಎಂದರ್ಥ’ ಎಂದ. ಮೂರನೆಯವನು ‘ನನ್ನ ತಾತನ ಹೆಸರು, ಅದಕ್ಕಿಂತ ಹೆಚ್ಚು ನನಗೆ ಬೇಕಾಗಿಲ್ಲ’ ಎಂದುಬಿಟ್ಟ.

ಎರಡನೆಯವನ ಮಾತೇ ನಿಜವಾದರೆ ನನಗೆ ಅರ್ಥವಾಗದ್ದು ಇಷ್ಟು: ಇಟಲಿಯವರು ತಮ್ಮ ಮಗನಿಗೆ ಪಕ್ಕದ ದೇಶದವನೆಂದು ಏಕೆ ಹೆಸರಿಡುತ್ತಾರೆ? ನಮ್ಮಲ್ಲಿ ಯಾರಾದರೂ ತೊಟ್ಟಿಲಲ್ಲಿರುವ ಕೂಸಿಗೆ ‘ಮಲೆಯಾಳಿ’ ಎಂದು ನಾಮಕರಣ ಮಾಡಿದ್ದುಂಟೇ? ತಿಳಿದವರು ಹೇಳಿ.

ಬೊಲೊನ್ಯಾ ಗೃಹಿಣಿ
ಮೊದಲು ಉಚ್ಚಾರಣೆ ಸರಿಮಾಡಿಕೊಳ್ಳಿ. ಅದು ‘ಫ್ರಾನ್ಚೆಸ್ಕೊ’. ಇಟಾಲಿಯನ್ನಿನಲ್ಲಿ ಇ, ಎ ಸ್ವರಗಳಿಗೆ ಮೊದಲು ಬರುವ ‘ಸಿ’ (c) ಅಕ್ಷರ ‘ಚ’ ಆಗುತ್ತದೆ. ನಮ್ಮ ಪತ್ರಿಕೆಗಳ ಕ್ರೀಡಾಪುಟ ಇಂಗ್ಲಿಷ್ ಕಾಗುಣಿತ ನೋಡಿ ‘ಸೆ’ ಹಾಕಿ ಹಾಕಿ ಎಲ್ಲರ ನಾಲಿಗೆ ಹಾಳುಮಾಡಿದೆ.

ಗಾಂಧಿಬಜಾರ್
ಕಾವೇರಿತೀರ ಅವರೇ, ‘ಮಲೆಯಾಳಿ’ ಎಂದು ಇಟ್ಟಿಲ್ಲ, ಒಪ್ಪಿದೆ. ಆದರೆ ಗಾಂಧಾರಿ? ಕೈಕೇಯಿ? ಮಾದ್ರಿ? ಕೌಸಲ್ಯಾ? ಮೈಥಿಲಿ? ಎಲ್ಲವೂ ದೇಶದ ಹೆಸರುಗಳೇ. ನಮ್ಮ ಪುರಾಣಗಳ ಅರ್ಧ ಹೆಂಗಸರಿಗೆ ತವರೇ ಹೆಸರಾಗಿದೆ.

ಕಾವೇರಿತೀರ
ಅದು ಬೇರೆ. ಗಾಂಧಾರಿ ಗಾಂಧಾರದವಳೇ. ಈ ಫ್ರಾನ್ಚೆಸ್ಕೊ (ಸರಿಯೇ ಮೇಡಂ?) ಫ್ರಾನ್ಸಿನವನಲ್ಲ. ನನ್ನ ಪ್ರಶ್ನೆ ಇರುವುದು ಅಲ್ಲಿಯೇ.

ನಿವೃತ್ತ ಮೇಷ್ಟ್ರು
ಪ್ರಶ್ನೆ ಚೆನ್ನಾಗಿದೆ. ಉತ್ತರ ಒಂದು ಬಟ್ಟೆ ಅಂಗಡಿಯಲ್ಲಿದೆ.

ಮಧ್ಯ ಇಟಲಿಯ ಅಸ್ಸಿಸಿ ಪಟ್ಟಣದಲ್ಲಿ ಪಿಯೆತ್ರೊ ದಿ ಬೆರ್ನಾರ್ದೊನೆ ಎಂಬ ಬಟ್ಟೆ ವ್ಯಾಪಾರಿ ಇದ್ದ. ವ್ಯಾಪಾರಕ್ಕೆಂದು ಫ್ರಾನ್ಸಿಗೆ ಹೋಗಿ ಬರುವುದು ಅವನ ರೂಢಿ. 1181ರಲ್ಲೋ 1182ರಲ್ಲೋ ಅವನು ಊರಲ್ಲಿಲ್ಲದಾಗ ಮಗ ಹುಟ್ಟಿದ. ತಾಯಿ ಪೀಕಾ ಮಗುವಿಗೆ ಜೊವಾನ್ನಿ ಎಂದು ದೀಕ್ಷಾಸ್ನಾನ ಮಾಡಿಸಿದಳು. ಜೊವಾನ್ನಿ ಎಂದರೆ ನಮ್ಮ ಯೋಹಾನ. ಅಪ್ಪ ಮರಳಿ ಬಂದವನು ಆ ಹೆಸರನ್ನು ಬದಲಿಸಿ ‘ಫ್ರಾನ್ಚೆಸ್ಕೊ’ ಎಂದು ಕರೆಯತೊಡಗಿದ. ಕಾಶಿಯಾತ್ರೆ ಮುಗಿಸಿ ಬಂದವರು ಮಗನಿಗೆ ಕಾಶೀನಾಥ ಎಂದಿಡುವ ಪದ್ಧತಿ ನಮ್ಮಲ್ಲಿಲ್ಲವೇ? ಇವನದು ವ್ಯಾಪಾರದ ಕಾಶಿ. ಲಾಭ ತಂದ ದೇಶದ ಹೆಸರನ್ನು ಮಗನಿಗೆ ಇಟ್ಟ.

ಆ ಹುಡುಗನೇ ಮುಂದೆ ಅಪ್ಪನ ಬಟ್ಟೆಯನ್ನೆಲ್ಲ ಅವನ ಕಾಲ ಬಳಿ ಕಳಚಿಟ್ಟು, ಊರ ಬಿಷಪ್ಪರ ಎದುರು ಬರಿ ಮೈಯಲ್ಲಿ ನಿಂತು, ಭಿಕ್ಷುವಾಗಿ ಹೊರಟುಹೋದ. ಅವನೇ ಸಂತ ಫ್ರಾನ್ಸಿಸ್. 1226ರಲ್ಲಿ ತೀರಿಕೊಂಡ, ಎರಡೇ ವರ್ಷದಲ್ಲಿ, 1228ರಲ್ಲಿ, ಸಂತನೆಂದು ಘೋಷಿಸಿದರು. ಆಮೇಲೆ ಹೆಸರು ಯೂರೋಪಿಗೆಲ್ಲ ಹಬ್ಬಿತು. ಅಂದರೆ ನಿಮ್ಮ ಟೂರಿನ್ನಿನ ಮೂವರಿಗೂ ಅವರ ಹೆತ್ತವರು ‘ಫ್ರೆಂಚಿನವ’ ಎಂದು ಹೆಸರಿಟ್ಟಿಲ್ಲ. ಆ ಸಂತನ ಹೆಸರಿಟ್ಟಿದ್ದಾರೆ.

ತೀರ್ಥಹಳ್ಳಿಯವಳು
ಅಪ್ಪ ಹಾಗೆ ಕರೆದಿದ್ದಕ್ಕೆ ಬೇರೆ ಕಾರಣಗಳನ್ನೂ ಹೇಳುತ್ತಾರೆ ಮೇಷ್ಟ್ರೇ. ತಾಯಿಯ ಮೂಲ ಫ್ರಾನ್ಸಿನ ಕಡೆಯದೆಂದು ಒಂದು ಮಾತು. ಹುಡುಗ ಚಿಕ್ಕಂದಿನಿಂದ ಫ್ರೆಂಚ್ ಹಾಡುಗಳ ಹುಚ್ಚು ಹಿಡಿಸಿಕೊಂಡಿದ್ದರಿಂದ ಗೆಳೆಯರೇ ಆ ಅಡ್ಡಹೆಸರು ಕೊಟ್ಟರೆಂದು ಇನ್ನೊಂದು. ಅವನು ಸಂತೋಷ ಬಂದಾಗ ಫ್ರೆಂಚಿನಲ್ಲಿ ಹಾಡುತ್ತಿದ್ದ ಎನ್ನುವುದನ್ನಂತೂ ಹಳೆಯ ಜೀವನಚರಿತ್ರೆಗಳೇ ಹೇಳುತ್ತವೆ.

ಗಾಂಧಿಬಜಾರ್
ಅಂದರೆ ಜಗತ್ತಿನ ಮೊದಲ ಫ್ರಾನ್ಸಿಸ್ ಇವನೇ ಎಂದಾಯಿತು.

ನಿವೃತ್ತ ಮೇಷ್ಟ್ರು
ಆಗಲಿಲ್ಲ. ಅವನಿಗಿಂತ ಮೊದಲೂ ಅಲ್ಲೊಬ್ಬ ಇಲ್ಲೊಬ್ಬ ಆ ಹೆಸರಿನವರು ಸಿಗುತ್ತಾರೆ. ಲ್ಯಾಟಿನ್ನಿನ ‘ಫ್ರಾನ್ಸಿಸ್ಕುಸ್’ ಹಳೆಯ ಪದ. ಅಪರೂಪದ ಹೆಸರನ್ನು ಮನೆಮನೆಯ ಹೆಸರು ಮಾಡಿದವನು ಅವನು.

ಅಂಚೆಚೀಟಿ
‘ಸ್ವತಂತ್ರ’ ಎಂದವನನ್ನು ಎಲ್ಲರೂ ಸೇರಿ ಸೋಲಿಸಿಬಿಟ್ಟಿರಿ. ಅವನ ಪರ ವಾದಿಸಲು ನನಗೆ ಅವಕಾಶ ಕೊಡಿ.

ಮೂಲದಲ್ಲಿ ‘ಫ್ರಾಂಕ್’ ಎಂಬುದು ಒಂದು ಜರ್ಮನಿಕ್ ಬುಡಕಟ್ಟಿನ ಹೆಸರು. ರೋಮನ್ ಸಾಮ್ರಾಜ್ಯ ಕುಸಿದ ಮೇಲೆ ಅವರು ಇಂದಿನ ಫ್ರಾನ್ಸನ್ನು ಗೆದ್ದು ಆಳಿದರು, ದೇಶಕ್ಕೆ ಅವರ ಹೆಸರೇ ಬಂತು. ಗೆದ್ದವರು ಯಾರಿಗೂ ಅಧೀನರಲ್ಲವಾದ್ದರಿಂದ, ಕಾಲಕ್ರಮೇಣ ‘ಫ್ರಾಂಕ್’ ಎಂದರೆ ಹಂಗಿಲ್ಲದವನು, ಸ್ವತಂತ್ರ ಎಂಬ ಅರ್ಥವೇ ಬಂದುಬಿಟ್ಟಿತು. ಮುಚ್ಚುಮರೆ ಇಲ್ಲದೆ ಮಾತನಾಡುವವನನ್ನು ಇಂಗ್ಲಿಷಿನಲ್ಲಿ ‘ಫ್ರಾಂಕ್’ ಎನ್ನುವುದೂ ಇದರಿಂದಲೇ. ಇಟಾಲಿಯನ್ನಿನಲ್ಲಿ ‘ಪೋರ್ತೊ ಫ್ರಾಂಕೊ’ ಎಂದರೆ ಸುಂಕವಿಲ್ಲದ ಬಂದರು, 1719ರಲ್ಲಿ ತ್ರಿಯೆಸ್ತೆ ಹಾಗೆ ಆಯಿತು. ನನ್ನ ಹವ್ಯಾಸದ ವಸ್ತುವಾದ ಅಂಚೆಚೀಟಿಗೂ ಅಲ್ಲಿ ‘ಫ್ರಾಂಕೊಬೊಲ್ಲೊ’ ಎನ್ನುತ್ತಾರೆ. ಅಂಚೆವೆಚ್ಚ ಮೊದಲೇ ತೀರಿಸಿದ್ದಕ್ಕೆ ಗುರುತಿನ ಮುದ್ರೆ ಎಂಬ ಲೆಕ್ಕ. ಆದ್ದರಿಂದ ಮೊದಲನೆಯವನೂ ಸುಳ್ಳು ಹೇಳಿಲ್ಲ.

ನಿವೃತ್ತ ಮೇಷ್ಟ್ರು
‘ಫ್ರಾಂಕೊ’ ಎಂಬ ಹೆಸರಿಗೆ ನಿಮ್ಮ ವಾದ ಒಪ್ಪುತ್ತದೆ. ‘ಫ್ರಾನ್ಚೆಸ್ಕೊ’ದ ಕೊನೆಯಲ್ಲಿರುವ ‘ಎಸ್ಕೊ’ ಪ್ರತ್ಯಯವನ್ನು ಏನು ಮಾಡುತ್ತೀರಿ? ಅದು ‘ಇಂಥ ಜನಕ್ಕೆ ಸೇರಿದವನು’ ಎಂದು ಹೇಳುವ ಪ್ರತ್ಯಯ. ಜರ್ಮನ್ನನಿಗೆ ಇಟಲಿಯವರು ಇಂದಿಗೂ ‘ತೆದೆಸ್ಕೊ’ ಎನ್ನುತ್ತಾರೆ. ಅದೇ ಅಚ್ಚು. ಫ್ರೆಂಚಿನವನಿಗೆ ಈಗ ‘ಫ್ರಾನ್ಚೇಸೆ’ ಎಂಬ ಬೇರೆ ಪದ ಬಂದಿರುವುದರಿಂದ ಹಳೆಯದು ಹೆಸರಾಗಿ ಮಾತ್ರ ಉಳಿದಿದೆ.

ಅಂಚೆಚೀಟಿ
ಪ್ರತ್ಯಯ ನಿಮ್ಮದು, ಧಾತು ನನ್ನದು. ಸರಿಸಮ.

ಪಡುವಣ ಗಾಳಿ
ಇಷ್ಟು ಜನ ಫ್ರಾಂಕ್, ಫ್ರಾಂಕ್ ಎನ್ನುತ್ತಿದ್ದೀರಿ. ನಮ್ಮ ‘ಫಿರಂಗಿ’, ‘ಪರಂಗಿ’ ಯಾರಿಗೂ ನೆನಪಾಗಲಿಲ್ಲವೇ? ಧರ್ಮಯುದ್ಧಗಳ ಕಾಲದಲ್ಲಿ ಅರಬರು ಪಶ್ಚಿಮ ಯೂರೋಪಿನವರನ್ನೆಲ್ಲ ಒಟ್ಟಾಗಿ ‘ಫ್ರಾಂಕರು’ ಎಂದೇ ಕರೆದರು. ಪಾರಸಿಯಲ್ಲಿ ಅದು ‘ಫರಂಗ್’, ‘ಫರಂಗಿ’ ಆಯಿತು. ಅಲ್ಲಿಂದ ನಮ್ಮ ಕರಾವಳಿಗೆ ಬಂದಿಳಿದ ಪೋರ್ಚುಗೀಸನೂ ಪರಂಗಿ, ಅವನು ತಂದ ತೋಪೂ ಫಿರಂಗಿ.

ಮಂಗಳೂರಿನಿಂದ ಬಂಟ್ವಾಳಕ್ಕೆ ಹೋಗುವ ದಾರಿಯಲ್ಲಿ, ನೇತ್ರಾವತಿಯ ದಡದಲ್ಲಿ ಫರಂಗಿಪೇಟೆ ಇದೆ. ನಮ್ಮ ಸೋದರಮಾವನ ಮನೆ ಅಲ್ಲೇ ಸಮೀಪ. ಊರಿನ ಗುಡ್ಡದ ಮೇಲೆ ಮೊಂತೆ ಮರಿಯಾನೊ ಎಂಬ ಪೋರ್ಚುಗೀಸರ ಕಾಲದ ಹಳೆಯ ಇಗರ್ಜಿ. ಈಗ ಅಲ್ಲಿರುವವರು ಕಪುಚಿನ್ ಸನ್ಯಾಸಿಗಳು. ಕಪುಚಿನ್ನರೆಂದರೆ ಯಾರು? ಅಸ್ಸಿಸಿಯ ಫ್ರಾನ್ಸಿಸರ ಪಂಥದ ಒಂದು ಕವಲು. ಹಾಗಾಗಿ ಫ್ರಾಂಕರ ಹೆಸರು ಒಂದು ದಾರಿಯಲ್ಲಿ ಅರಬ್ಬಿ, ಪಾರಸಿ ದಾಟಿ ಊರಿನ ಹೆಸರಾಗಿ ಬಂತು. ಇನ್ನೊಂದು ದಾರಿಯಲ್ಲಿ ಇಟಲಿಯ ಭಿಕ್ಷುವಿನ ಹೆಸರಾಗಿ ಹೊರಟು ಅದೇ ಊರಿನ ಗುಡ್ಡ ಹತ್ತಿತು. ಬಸ್ಸಿನಲ್ಲಿ ಆ ದಾರಿ ಹಿಡಿದಾಗಲೆಲ್ಲ ನನಗೆ ನಗು ಬರುತ್ತದೆ.

ಕಾವೇರಿತೀರ
ಇದನ್ನು ಟೂರಿನ್ನಿನವರಿಗೆ ಹೇಳಲೇಬೇಕು! ಹಾಗಾದರೆ ಪರಂಗಿ ಹಣ್ಣೂ ಇವರ ಸಂಬಂಧಿಯೇ?

ಗಾಂಧಿಬಜಾರ್
ಸಂದೇಹವೇ ಬೇಡ. ಅಮೆರಿಕದ ಹಣ್ಣು, ಪರಂಗಿಯವರ ಹಡಗಿನಲ್ಲಿ ಬಂದಿದ್ದು. ಇನ್ನು ಮುಂದೆ ಅದನ್ನು ಫ್ರಾನ್ಚೆಸ್ಕೊ ಹಣ್ಣು ಎನ್ನೋಣ.

ಮೈಲಾಪುರ ಕನ್ನಡಿಗ
ಚೆನ್ನೈಗೆ ಬಂದು ‘ಪರಂಗಿ’ ಕೇಳಬೇಡಿ, ಕುಂಬಳಕಾಯಿ ಕೊಡುತ್ತಾರೆ. ತಮಿಳಿನಲ್ಲಿ ಪರಂಗಿಕ್ಕಾಯಿ ಎಂದರೆ ಸಿಹಿಗುಂಬಳ. ಒಂದೊಂದು ನಾಡು ಒಂದೊಂದು ಕಾಯಿಯನ್ನು ಪರದೇಶಿಯ ಲೆಕ್ಕಕ್ಕೆ ಬರೆದಿದೆ.

ಪಡುವಣ ಗಾಳಿ
ತುಳುವಿನಲ್ಲಿ ಆ ಹಣ್ಣು ಬಪ್ಪಂಗಾಯಿ. ನಾವು ಪರಂಗಿಯವರಿಗೆ ಊರು ಕೊಟ್ಟೆವು, ಹಣ್ಣು ಕೊಡಲಿಲ್ಲ.

ತಿಪಟೂರು ತೋಟ
ಪರಂಗಿ ಗಿಡಕ್ಕೆ ಎಲೆ ಮುರುಟು ರೋಗ ಬಂದಿದೆ, ಯಾರಿಗಾದರೂ ಪರಿಹಾರ ಗೊತ್ತೇ?

ನಿರ್ವಾಹಕ
ಎಲೆ ಮುರುಟು ರೋಗಕ್ಕೆ ಕೃಷಿ ವಿಭಾಗವಿದೆ. ಇಲ್ಲಿ ಹೆಸರಿನ ಬಗ್ಗೆ ಮಾತ್ರ.

ಕಾಲ್ಚೆಂಡು
ಮೂಲದ ಮಾತು ಸಾಕು. ಅಷ್ಟು ಜನಪ್ರಿಯವಾಗಿದ್ದು ಹೇಗೆ ಎಂಬುದಕ್ಕೆ ಉತ್ತರ ಒಂದೇ: ಫ್ರಾನ್ಚೆಸ್ಕೊ ತೊತ್ತಿ. 2001ರಲ್ಲಿ ರೋಮಾ ಫುಟ್‌ಬಾಲ್ ತಂಡ ಇಟಲಿಯ ಲೀಗ್ ಗೆದ್ದಿತು, ನಾಯಕ ತೊತ್ತಿ. ಅದೇ 2001ರಿಂದ ಇಟಲಿಯ ಗಂಡು ಶಿಶುಗಳ ಹೆಸರುಗಳಲ್ಲಿ ಫ್ರಾನ್ಚೆಸ್ಕೊ ಮೊದಲ ಸ್ಥಾನಕ್ಕೇರಿತು. ಇನ್ನೇನು ಸಾಕ್ಷಿ ಬೇಕು?

ಹೊಸ ಅಪ್ಪ
ಪೋಪ್ ಫ್ರಾನ್ಸಿಸ್ ಅವರನ್ನು ಮರೆತಿರಾ? ಈ ಹೆಸರು ಮೇಲೆ ಬಂದಿದ್ದೇ ಅವರಿಂದ.

ಬೊಲೊನ್ಯಾ ಗೃಹಿಣಿ
ಇಬ್ಬರದೂ ತಪ್ಪು. ಹೊಸ ಅಪ್ಪ ಅವರೇ, ಪೋಪ್ ಆಯ್ಕೆಯಾಗಿದ್ದು 2013ರ ಮಾರ್ಚ್ 13ರಂದು. ಹೆಸರು ಮೊದಲ ಸ್ಥಾನದಲ್ಲಿ ಕುಳಿತು ಆಗಲೇ ಒಂದು ದಶಕ ದಾಟಿತ್ತು. 2018ರಲ್ಲಿ ಲಿಯೊನಾರ್ದೊ ಬಂದು ಅದನ್ನು ಕೆಳಗಿಳಿಸಿತು. ಅಂದರೆ ಅದೇ ಹೆಸರಿನ ಪೋಪ್ ಗದ್ದುಗೆಯಲ್ಲಿದ್ದಾಗಲೇ ಹೆಸರು ಇಳಿಯಿತು! ಇಂದಿನ ಹೆತ್ತವರಿಗೆ ಲಿಯೊನಾರ್ದೊ, ಎದೊವಾರ್ದೊ, ತೊಮ್ಮಾಸೊ ಇಷ್ಟ. ಫ್ರಾನ್ಚೆಸ್ಕೊ ಸೋತು ಮಾಯವಾಗಿಲ್ಲ, ಮೇಲಿನ ಸಾಲಿನಲ್ಲೇ ಇದೆ.

ಕಾಲ್ಚೆಂಡು ಅವರೇ, ತೊತ್ತಿ ರೋಮಿನ ದೇವರು. ಆದರೆ ಅದೇ ಊರಿನ ಲಾಜಿಯೊ ಅಭಿಮಾನಿ, ನೇಪಲ್ಸಿನವನು, ಯುವೆಂಟಸ್‌ನ ಹುಚ್ಚು ಹಿಡಿದವನು ತನ್ನ ಮಗನಿಗೆ ಎದುರು ತಂಡದ ನಾಯಕನ ಹೆಸರಿಡುವನೇ? ಹೆಸರು ಗಟ್ಟಿಯಾಗಿ ಬೇರುಬಿಟ್ಟಿರುವುದು ದಕ್ಷಿಣದಲ್ಲಿ: ಕಲಾಬ್ರಿಯಾ, ಪುಲಿಯಾ, ಸಿಸಿಲಿ. ಅಲ್ಲಿ ಅಸ್ಸಿಸಿಯವನಿಗಿಂತ ಹತ್ತಿರದ ಫ್ರಾನ್ಚೆಸ್ಕೊ ಒಬ್ಬನಿದ್ದಾನೆ, ಪಾವೊಲಾದ ಸಂತ (1416–1507). ಮಕ್ಕಳಿಲ್ಲದ ದಂಪತಿ ಅಸ್ಸಿಸಿಯ ಸಂತನಿಗೆ ಹರಕೆ ಹೊತ್ತು ಪಡೆದ ಮಗ, ಅದಕ್ಕೇ ಆ ಹೆಸರು. ಹಡಗಿನವರಿಗೆ ಅವನೇ ರಕ್ಷಕ. ನನ್ನ ಓರಗಿತ್ತಿ ಕಲಾಬ್ರಿಯಾದವಳು. ಅವಳ ಮನೆಯಲ್ಲಿ ಹೆಸರುದಿನವನ್ನು (ತಮ್ಮ ಹೆಸರಿನ ಸಂತನ ಹಬ್ಬದ ದಿನ) ಅಕ್ಟೋಬರ್ 4ಕ್ಕೆ ಮಾಡುವುದೋ ಏಪ್ರಿಲ್ 2ಕ್ಕೆ ಮಾಡುವುದೋ ಎಂದು ಇಬ್ಬರು ಸೋದರಮಾವಂದಿರು ಮಾತು ಬಿಟ್ಟಿದ್ದರು. ಒಬ್ಬ ಅಸ್ಸಿಸಿ ಪಕ್ಷ, ಇನ್ನೊಬ್ಬ ಪಾವೊಲಾ ಪಕ್ಷ.

ದಕ್ಷಿಣದಲ್ಲಿ ಇನ್ನೊಂದು ಕಟ್ಟುಪಾಡು: ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು. ಒಬ್ಬ ತಾತ ಫ್ರಾನ್ಚೆಸ್ಕೊನಿಗೆ ನಾಲ್ವರು ಗಂಡುಮಕ್ಕಳಿದ್ದರೆ, ಮುಂದಿನ ತಲೆಮಾರಿನಲ್ಲಿ ನಾಲ್ವರು ಫ್ರಾನ್ಚೆಸ್ಕೊ ಹುಟ್ಟುತ್ತಾರೆ. ಲೀಗ್ ಗೆಲ್ಲಬೇಕಾಗಿಲ್ಲ.

ಕಾಲ್ಚೆಂಡು
ತಾತಂದಿರು 2001ರಲ್ಲೇ ಎಚ್ಚೆತ್ತರೇ? ನಾನು ತೊತ್ತಿಯನ್ನು ಬಿಟ್ಟುಕೊಡುವುದಿಲ್ಲ.

ನಿವೃತ್ತ ಮೇಷ್ಟ್ರು
ತಾತಂದಿರು ಯಾವಾಗಲೂ ಎಚ್ಚರವಾಗಿಯೇ ಇದ್ದರು. ಅವರಿಗಿಂತ ಮುಂದೆ ಜುಸೆಪ್ಪೆ, ಜೊವಾನ್ನಿ, ಆಂತೋನಿಯೊ ನಿಂತಿದ್ದರು. ಆ ಹೆಸರುಗಳು ಹಳತಾಗಿ ಇಳಿದವು, ಇದು ಹಳತಾಗದೆ ಉಳಿಯಿತು. ಮೊದಲ ಸ್ಥಾನ ಸಿಗಲು ಎಷ್ಟೋ ಸಲ ಏರಬೇಕಾಗಿಲ್ಲ, ಬೀಳದಿದ್ದರೆ ಸಾಕು.

ಪಾವೊಲಾದ ಸಂತನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಫ್ರಾನ್ಸಿನ ದೊರೆ ಹನ್ನೊಂದನೆಯ ಲೂಯಿ ಸಾಯುವ ಕಾಲಕ್ಕೆ ಈತನನ್ನು 1483ರಲ್ಲಿ ತನ್ನ ಬಳಿಗೆ ಕರೆಸಿಕೊಂಡ. ಸಂತ ಅಲ್ಲಿಯೇ ನೆಲೆನಿಂತ. ಗಂಡುಮಗುವಿಗಾಗಿ ಸವೊಯ್ ಮನೆತನದ ಲೂಯಿಸ್ ಅವನ ಆಶೀರ್ವಾದ ಬೇಡಿದಳು, 1494ರಲ್ಲಿ ಮಗ ಹುಟ್ಟಿದ, ಸಂತನ ಹೆಸರನ್ನೇ ಇಟ್ಟಳು. ಅವನೇ ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸ್ವಾ. ಎಂಥ ತಮಾಷೆ ನೋಡಿ: ‘ಫ್ರೆಂಚಿನವ’ ಎಂಬ ಹೆಸರು ಇಟಲಿಗೆ ಹೋಗಿ, ಸಂತರ ಪ್ರಭಾವಳಿ ಹೊತ್ತು, ಮರಳಿ ಫ್ರಾನ್ಸಿನ ಸಿಂಹಾಸನವನ್ನೇ ಏರಿತು.

ತೀರ್ಥಹಳ್ಳಿಯವಳು
ಇದು ನನಗೆ ಗೊತ್ತಿರಲಿಲ್ಲ. ಬಹಳ ಚೆನ್ನಾಗಿದೆ.

ಹೊಸ ಅಪ್ಪ
ಪೋಪ್ ವಿಷಯಕ್ಕೆ ಮತ್ತೆ ಬರುತ್ತೇನೆ. ಎಂಟು ನೂರು ವರ್ಷ ಇಷ್ಟು ಪ್ರಿಯವಾಗಿದ್ದ ಹೆಸರನ್ನು ಅವರಿಗಿಂತ ಮೊದಲು ಯಾವ ಪೋಪ್ ಕೂಡ ಇಟ್ಟುಕೊಂಡಿರಲಿಲ್ಲ ಎಂಬುದು ನಿಜವೇ?

ಪಡುವಣ ಗಾಳಿ
ನಿಜ. ಬಡತನವನ್ನೇ ವ್ರತ ಮಾಡಿಕೊಂಡವನ ಹೆಸರನ್ನು ಅರಮನೆಯಲ್ಲಿ ಕುಳಿತು ಧರಿಸುವುದು ಸುಲಭವಲ್ಲ. ಮತ ಎಣಿಕೆಯಲ್ಲಿ ಗೆಲುವು ಖಚಿತವಾದಾಗ ಪಕ್ಕದಲ್ಲಿದ್ದ ಬ್ರೆಜಿಲಿನ ಕಾರ್ಡಿನಲ್ ಹುಮ್ಮೆಸ್ ಅಪ್ಪಿಕೊಂಡು ‘ಬಡವರನ್ನು ಮರೆಯಬೇಡ’ ಎಂದರಂತೆ, ಆಗ ಈ ಹೆಸರು ಹೊಳೆಯಿತೆಂದು ಪೋಪ್ ತಾವೇ ಪತ್ರಕರ್ತರಿಗೆ ಹೇಳಿದರು. ಹುಮ್ಮೆಸ್ ಸ್ವತಃ ಫ್ರಾನ್ಸಿಸ್ಕನ್ ಸನ್ಯಾಸಿ. ಪೋಪ್ ಮಾತ್ರ ಜೆಸ್ವಿಟ್ ಎಂಬ ಬೇರೆ ಪಂಥದವರು.

ನಮ್ಮ ಕಡೆಯ ಫ್ರಾನ್ಸಿಸ್‌ಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಕರಾವಳಿಯಲ್ಲಿ, ಗೋವಾದಲ್ಲಿ ಈ ಹೆಸರಿನ ಪೊರ್ಬುಗಳಲ್ಲಿ (ಕ್ರೈಸ್ತರಲ್ಲಿ) ಬಹಳ ಮಂದಿಗೆ ಹೆಸರು ಬಂದಿದ್ದು ಅಸ್ಸಿಸಿಯವನಿಂದ ಅಲ್ಲ, 1542ರಲ್ಲಿ ಗೋವಾಕ್ಕೆ ಬಂದಿಳಿದ ಫ್ರಾನ್ಸಿಸ್ ಝೇವಿಯರನಿಂದ. ಅವನು ಇಂದಿನ ಸ್ಪೇನಿನ ನವಾರ್ರೆ ಸೀಮೆಯವನು, ಜೆಸ್ವಿಟ್. ಅವನ ಹಬ್ಬ ಡಿಸೆಂಬರ್ 3. ದಕ್ಷಿಣ ಇಟಲಿಯಲ್ಲೂ ‘ಫ್ರಾನ್ಚೆಸ್ಕೊ ಸವೇರಿಯೊ’ ಎಂದು ಎರಡನ್ನೂ ಜೋಡಿಸಿ ಇಡುತ್ತಾರೆ. ಆ ‘ಸವೇರಿಯೊ’ ಎಂದರೆ ಝೇವಿಯರನೇ. ಹಾಗೆಂದು ಅಸ್ಸಿಸಿಯವನಿಗೆ ನಾವು ಏನೂ ಸಲ್ಲಿಸಬೇಕಾಗಿಲ್ಲ ಎನ್ನುವಂತಿಲ್ಲ. ಕ್ರಿಸ್‌ಮಸ್‌ಗೆ ಮನೆಮನೆಯಲ್ಲಿ ಕಟ್ಟುವ ಗೋದಲಿ ಅವನ ಕೊಡುಗೆ. 1223ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ನಿಜವಾದ ಎತ್ತು, ಕತ್ತೆ ನಿಲ್ಲಿಸಿ ಮಾಡಿದನಂತೆ.

ಗಾಂಧಿಬಜಾರ್
ಕಪುಚಿನ್ ಎಂದಿರಿ. ಕಪುಚಿನೊ ಕಾಫಿಗೂ ಅದಕ್ಕೂ ಸಂಬಂಧವಿದೆಯೇ, ಅಥವಾ ನನಗೆ ಕಾಫಿ ಹೊತ್ತಾಗಿದೆಯೇ?

ಬೊಲೊನ್ಯಾ ಗೃಹಿಣಿ
ಎರಡೂ. ‘ಕಪ್ಪುಚ್ಚೊ’ ಎಂದರೆ ತಲೆಗವಸು. ಆ ಸನ್ಯಾಸಿಗಳ ಉದ್ದ ಚೂಪು ತಲೆಗವಸಿನಿಂದ ಪಂಥಕ್ಕೆ ಹೆಸರು, ಅವರ ಕಂದು ನಿಲುವಂಗಿಯ ಬಣ್ಣದಿಂದ ಕಾಫಿಗೆ ಹೆಸರು. ಆದರೆ ಬೆಳಗಿನ ಹನ್ನೊಂದು ಗಂಟೆಯ ಮೇಲೆ ಅದನ್ನು ಕೇಳಿದರೆ ಇಲ್ಲಿಯವರು ನಿಮ್ಮನ್ನು ಪ್ರವಾಸಿ ಎಂದು ಗುರುತಿಸಿಬಿಡುತ್ತಾರೆ.

ಗಾಂಧಿಬಜಾರ್
ಹಾಗಾದರೆ ಫಿಲ್ಟರ್ ಕಾಫಿಯೇ ಸರಿ. ಅದಕ್ಕೆ ಗಂಟೆಯ ಹಂಗಿಲ್ಲ. ‘ಫ್ರಾಂಕೊ’!

ತೀರ್ಥಹಳ್ಳಿಯವಳು
ಮುದ್ದಿನ ಹೆಸರು ಏನು? ಇಷ್ಟುದ್ದ ಹೆಸರನ್ನು ಮನೆಯಲ್ಲಿ ಯಾರೂ ಪೂರ್ತಿ ಕೂಗುವುದಿಲ್ಲವಷ್ಟೇ.

ಬೊಲೊನ್ಯಾ ಗೃಹಿಣಿ
ಈಗಿನ ಹುಡುಗರು ‘ಫ್ರಾ’ ಎಂದು ಮುಗಿಸುತ್ತಾರೆ. ಸಿಸಿಲಿ, ಕಲಾಬ್ರಿಯಾ ಕಡೆ ‘ಚಿಚ್ಚೊ’. ಆ ಪದಕ್ಕೆ ‘ದುಂಡಗಿನ ಗುಂಡ’ ಎಂಬ ಅರ್ಥವೂ ಇದೆ, ಆದ್ದರಿಂದ ತೆಳ್ಳಗಿನ ಚಿಚ್ಚೊಗಳನ್ನು ನೋಡುವುದೇ ಒಂದು ಮಜಾ. ‘ಕೆಕ್ಕೊ’ ಇದೆ, ಹಳೆಯ ಕಾಲದ ‘ಚೆಕ್ಕೊ’ ಇದೆ. ಹೆಣ್ಣಾದರೆ ಫ್ರಾನ್ಚೆಸ್ಕಾ.

ನಿವೃತ್ತ ಮೇಷ್ಟ್ರು
ಚೆಕ್ಕೊ ಎಂದಾಗ ನೆನಪಾಗುವುದು ಚೆಕ್ಕೊ ದಾಸ್ಕೊಲಿ. ನಿಜ ಹೆಸರು ಫ್ರಾನ್ಚೆಸ್ಕೊ ಸ್ತಾಬಿಲಿ, ಜ್ಯೋತಿಷಿ, ಕವಿ. 1327ರಲ್ಲಿ ಫ್ಲಾರೆನ್ಸಿನಲ್ಲಿ ಧರ್ಮದ್ರೋಹಿ ಎಂದು ಸುಟ್ಟರು. ಸಂತನ ಹೆಸರು ಎಲ್ಲರನ್ನೂ ಕಾಯುವುದಿಲ್ಲ. ಅದೇ ಕಾಲದ ಇನ್ನೊಬ್ಬ ಫ್ರಾನ್ಚೆಸ್ಕೊ, ಪೆತ್ರಾರ್ಕ, ಬದುಕಿ ಬಾಳಿ ಸಾನೆಟ್ಟಿಗೆ ಗುರುವಾದ.

ಹೊಸ ಅಪ್ಪ
ನನ್ನದೊಂದು ಅಭಿಪ್ರಾಯ. ಹೆಸರಿಗೆ ಅರ್ಥ ಮುಖ್ಯ. ನಮ್ಮ ಮಗಳಿಗೆ ಹೆಸರು ಹುಡುಕುವಾಗ ನಾವು ಮೂರು ಪುಸ್ತಕ ತಿರುವಿಹಾಕಿದೆವು. ಇಟಲಿಯವರು ಅರ್ಥವನ್ನೇ ನೋಡದೆ ತಾತನ ಹೆಸರು, ಸಂತನ ಹೆಸರು ಎಂದು ಇಟ್ಟುಬಿಡುವುದು ಸೋಮಾರಿತನವಲ್ಲವೇ?

ನಿವೃತ್ತ ಮೇಷ್ಟ್ರು
ನಿಮ್ಮ ತಾತನ ಹೆಸರೇನು ಸ್ವಾಮಿ?

ಹೊಸ ಅಪ್ಪ
ಗುಂಡಪ್ಪ.

ಗಾಂಧಿಬಜಾರ್
ಅಲ್ಲಿಗೆ ನಿಮ್ಮ ತಾತ ಚಿಚ್ಚೊ!

ನಿವೃತ್ತ ಮೇಷ್ಟ್ರು
ನಗುವ ಮಾತು ಬದಿಗಿರಲಿ. ಈಗ ನಮ್ಮಲ್ಲಿ ಅರ್ಥ ನೋಡಿ ಇಡುವ ಹೆಸರುಗಳನ್ನು ಗಮನಿಸಿ. ಪುಸ್ತಕದಲ್ಲಿ ‘ಸೂರ್ಯನ ಮೊದಲ ಕಿರಣ’ ಎಂದಿರುತ್ತದೆ, ಸಂಸ್ಕೃತ ಬಲ್ಲವರು ನೋಡಿದರೆ ಅಂಥ ಪದವೇ ಇರುವುದಿಲ್ಲ. ಮಗುವಿನ ಹಿಂದೆ ಯಾವ ಮನುಷ್ಯನೂ ನಿಂತಿರುವುದಿಲ್ಲ. ಫ್ರಾನ್ಚೆಸ್ಕೊನ ಅರ್ಥ ‘ಫ್ರೆಂಚಿನವ’ ಎಂದು ತಿಳಿದರೂ ಇಟಲಿಯ ಒಬ್ಬ ತಾಯಿಯೂ ಹೆಸರು ಬದಲಿಸುವುದಿಲ್ಲ. ಅವಳಿಗೆ ಹೆಸರೆಂದರೆ ಆ ಹೆಸರಿನಲ್ಲಿ ಬದುಕಿದವರು.

ಹೊಸ ಅಪ್ಪ
ನಾನು ಒಪ್ಪುವುದಿಲ್ಲ. ಹೆಸರು ಮಗುವಿನದು, ತಾತನದಲ್ಲ. ತಾತನ ಹೆಸರಿನ ಭಾರ ಹೊತ್ತು ಶಾಲೆಯಲ್ಲಿ ನಗೆಪಾಟಲಾದವರು ನಮ್ಮ ಮನೆಯಲ್ಲೇ ಇದ್ದಾರೆ.

ಅಂಚೆಚೀಟಿ
ಅಪ್ಪನ ಹೆಸರನ್ನೇ ಮಗನಿಗೆ ಇಡುವುದೂ ಅಲ್ಲಿದೆಯೇ, ಅಮೆರಿಕದವರಂತೆ?

ಬೊಲೊನ್ಯಾ ಗೃಹಿಣಿ
ಕಾನೂನೇ ಬಿಡುವುದಿಲ್ಲ. 2000ನೇ ಇಸವಿಯ ಜನನ ನೋಂದಣಿ ನಿಯಮದ ಪ್ರಕಾರ ಬದುಕಿರುವ ತಂದೆಯ ಹೆಸರನ್ನಾಗಲಿ, ಬದುಕಿರುವ ಅಣ್ಣ ಅಕ್ಕಂದಿರ ಹೆಸರನ್ನಾಗಲಿ ಮಗುವಿಗೆ ಇಡುವಂತಿಲ್ಲ. ನಗೆಪಾಟಲಾಗುವ ಹೆಸರನ್ನೂ ಇಡುವಂತಿಲ್ಲ, ಹೊಸ ಅಪ್ಪ ಅವರು ನಿಶ್ಚಿಂತರಾಗಿರಬಹುದು. ತಾತನಿಗೆ ಅಡ್ಡಿಯಿಲ್ಲ.

ಇನ್ನೊಂದು ಸುದ್ದಿ. ಅಸ್ಸಿಸಿಯ ಸಂತ 1939ರಿಂದ ಇಟಲಿಯ ಪಾಲಕ ಸಂತ. ಅವನ ಹಬ್ಬದ ರಜೆಯನ್ನು 1977ರಲ್ಲಿ ತೆಗೆದುಹಾಕಿದ್ದರು. ಅವನು ತೀರಿಕೊಂಡು 800 ವರ್ಷವಾದ 2026ರಿಂದ ಅಕ್ಟೋಬರ್ 4 ಮತ್ತೆ ರಾಷ್ಟ್ರೀಯ ರಜೆ ಎಂದು ಸಂಸತ್ತು ಕಾನೂನು ಮಾಡಿದೆ.

ಕಾಲ್ಚೆಂಡು
ಕ್ಯಾಲೆಂಡರ್ ನೋಡಿದೆ. 2026ರ ಅಕ್ಟೋಬರ್ 4 ಭಾನುವಾರ!

ಗಾಂಧಿಬಜಾರ್
ಅಯ್ಯೋ ಪಾಪ. ಸೋಮವಾರ ಬದಲಿ ರಜೆ ಕೊಡುತ್ತಾರೆಯೇ?

ಬೊಲೊನ್ಯಾ ಗೃಹಿಣಿ
ಇಲ್ಲ, ಬದಲಿ ರಜೆ ಕೊಡುವ ಪದ್ಧತಿ ಇಲ್ಲಿಲ್ಲ. ಆದರೆ ಭಾನುವಾರ ಬಿದ್ದ ಹಬ್ಬಕ್ಕೆ ಅನೇಕ ಕಡೆ ಒಂದು ದಿನದ ಸಂಬಳ ಹೆಚ್ಚಿಗೆ ಸೇರಿಸುತ್ತಾರೆ.

ಗಾಂಧಿಬಜಾರ್
ಬಡತನದ ಸಂತನ ಹೆಸರಿನಲ್ಲಿ ಹೆಚ್ಚಿನ ಸಂಬಳ! ಬಟ್ಟೆ ವ್ಯಾಪಾರಿ ಪಿಯೆತ್ರೊ ಇದ್ದಿದ್ದರೆ ಮೆಚ್ಚಿಕೊಳ್ಳುತ್ತಿದ್ದ.